ಟಿಬಿ ಮಾತ್ರೆ ನುಂಗಿದರೂ ಎದೆಯ ಗಡ್ಡೆ ಕರಗಲಿಲ್ಲವೇ? ಸಾರ್ಕಾಯ್ಡೋಸಿಸ್ ಪತ್ತೆಗೆ ಒಂದು ಮಾರ್ಗದರ್ಶಿ

ಐದು ತಿಂಗಳು ನನ್ನ ತಟ್ಟೆ, ಲೋಟ ಮನೆಯವರ ಪಾತ್ರೆಗಳ ಜೊತೆ ಸೇರಲಿಲ್ಲ. ಅಮ್ಮ ಅವನ್ನು ಬೇರೆಯಾಗಿ ತೊಳೆದು ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕುತ್ತಿದ್ದರು. ಒಣ ಕೆಮ್ಮು ಬಿಡುತ್ತಿರಲಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಎಕ್ಸ್‌ರೇಯಲ್ಲಿ ಎದೆಯೊಳಗೆ ಗಡ್ಡೆ ಕಂಡಿದ್ದವು. 'ಟಿಬಿ' ಅಂದರು. ದಿನಾ ಬೆಳಿಗ್ಗೆ ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಊಟ ಸೇರದೆ ಆರು ಕೆ.ಜಿ. ಇಳಿದೆ. ಗಡ್ಡೆ ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಎಡಗಣ್ಣು ಕೆಂಪಾಯಿತು. ಟ್ಯೂಬ್‌ಲೈಟ್ ನೋಡಿದರೂ ಚುಚ್ಚುತ್ತಿತ್ತು. ಕಣ್ಣಿನ ಡಾಕ್ಟರ್ ಯಂತ್ರದ ಮೇಲೆ ಗಲ್ಲ ಇಡಿಸಿ ತುಂಬಾ ಹೊತ್ತು ನೋಡಿದರು. ಕಣ್ಣಿನ ಬಗ್ಗೆ ಏನೂ ಹೇಳದೆ, "ಎದೆಯ ಎಕ್ಸ್‌ರೇ ಇದೆಯಾ? ಗಡ್ಡೆಯಿಂದ ಸ್ಯಾಂಪಲ್ ತೆಗೆದು ನೋಡಿದ್ದಾರಾ?" ಅಂತ ಕೇಳಿದರು. ತೆಗೆದಿರಲಿಲ್ಲ. ಆ ಒಂದು ಪ್ರಶ್ನೆಯಿಂದ ನನ್ನ ಕಾಯಿಲೆಯ ಹೆಸರೇ ಬದಲಾಯಿತು.

ನಾನು ಡಾಕ್ಟರ್ ಅಲ್ಲ. ಈ ದಾರಿಯಲ್ಲಿ ನಡೆದು ಬಂದ ರೋಗಿ. ಯಾವ ಹೆಜ್ಜೆಯಲ್ಲಿ ಏನು ಕೇಳಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಇದೇನು ಕಾಯಿಲೆ?

ಸಾರ್ಕಾಯ್ಡೋಸಿಸ್ ಅಂದರೆ ಮೈಯ ಹಲವು ಅಂಗಗಳಲ್ಲಿ ಒಟ್ಟಿಗೇ ಉರಿಯೂತ ಎಬ್ಬಿಸುವ ಅಪರೂಪದ ಕಾಯಿಲೆ. ರೋಗಾಣುಗಳ ಜೊತೆ ಹೋರಾಡಬೇಕಾದ ಕಣಗಳು ಅಲ್ಲಲ್ಲಿ ಗುಂಪುಗೂಡಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಕಟ್ಟುತ್ತವೆ. ಈ ಗಂಟಿಗೆ ಗ್ರಾನ್ಯುಲೋಮಾ ಅಂತ ಹೆಸರು. ಹತ್ತರಲ್ಲಿ ಒಂಬತ್ತು ಜನರಿಗೆ ಶ್ವಾಸಕೋಶ ಅಥವಾ ಎದೆಯೊಳಗಿನ ಲಿಂಫ್ ಗಡ್ಡೆಗಳಲ್ಲಿ (ಸೋಂಕಿನ ಜೊತೆ ಹೋರಾಡುವ ಕಣಗಳಿರುವ ಸಣ್ಣ ಗ್ರಂಥಿಗಳು) ಇದು ಇದ್ದೇ ಇರುತ್ತದೆ. ಜೊತೆಗೆ ಕಣ್ಣು, ಚರ್ಮ, ಕೀಲು, ಲಿವರ್, ಹೃದಯ, ನರ, ಎಲ್ಲಿ ಬೇಕಾದರೂ ಬರಬಹುದು. ಸಾಮಾನ್ಯವಾಗಿ 25ರಿಂದ 45ರ ವಯಸ್ಸಿನಲ್ಲಿ ಶುರುವಾಗುತ್ತದೆ. ಐವತ್ತು ದಾಟಿದ ಹೆಂಗಸರಲ್ಲೂ ಕಾಣುತ್ತದೆ. ಯಾಕೆ ಬರುತ್ತದೆ ಅನ್ನುವುದು ವೈದ್ಯಲೋಕಕ್ಕೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಅಮ್ಮ ಬೇರೆ ತೊಳೆದ ಲೋಟವೆಲ್ಲ ದಂಡ.

ಹೆಸರಿನ ಹಿಂದೆಯೂ ಒಂದು ಗೊಂದಲದ ಕಥೆ ಇದೆ. ನಾರ್ವೆಯ ಚರ್ಮರೋಗ ತಜ್ಞ ಸೀಸರ್ ಬೋಕ್ 1899ರಲ್ಲಿ ಒಬ್ಬ ರೋಗಿಯ ಚರ್ಮದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸಾರ್ಕೋಮಾ ಅನ್ನುವ ಕ್ಯಾನ್ಸರಿನ ಹಾಗೆ ಕಂಡಿತು, ಆದರೆ ಅಪಾಯಕಾರಿ ಅನ್ನಿಸಲಿಲ್ಲ. ಹಾಗಾಗಿ 'ಸಾರ್ಕಾಯ್ಡ್' ಅಂದರು. ಹೆಸರಿಟ್ಟ ದಿನದಿಂದಲೇ ಇದು ಇನ್ನೊಂದು ರೋಗದ ಹಾಗೆ ಕಾಣುವ ರೋಗ.

ನಮ್ಮಲ್ಲಿ ಆ ಇನ್ನೊಂದು ರೋಗ ಟಿಬಿ. ಟಿಬಿಯೂ ಗ್ರಾನ್ಯುಲೋಮಾ ಕಟ್ಟುತ್ತದೆ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಗಡ್ಡೆ ನೋಡಿದ ಡಾಕ್ಟರಿಗೆ ಮೊದಲು ಟಿಬಿ ನೆನಪಾದರೆ ತಪ್ಪೇನಿಲ್ಲ. ನನ್ನ ತಕರಾರು ಒಂದೇ: ಸ್ಯಾಂಪಲ್ ತೆಗೆಯದೆ, ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ, ಬರೀ ಎಕ್ಸ್‌ರೇ ನೋಡಿ ಆರು ತಿಂಗಳ ಮಾತ್ರೆ ಶುರು ಮಾಡಿದ್ದು.

ಹೆಜ್ಜೆ 1: ತಲೆಯಿಂದ ಕಾಲಿನವರೆಗೆ ಒಂದು ಹಾಳೆಯಲ್ಲಿ ಬರೆಯಿರಿ

ಈ ಕಾಯಿಲೆ ತಪ್ಪಿಸಿಕೊಳ್ಳುವುದೇ ಇಲ್ಲಿ. ಕೆಮ್ಮಿಗೆ ಒಬ್ಬರ ಹತ್ತಿರ ಹೋಗುತ್ತೀರಿ, ಕಣ್ಣಿಗೆ ಇನ್ನೊಬ್ಬರ ಹತ್ತಿರ, ಕಾಲು ನೋವಿಗೆ ಮೂಳೆ ಡಾಕ್ಟರ್, ಚರ್ಮಕ್ಕೆ ಮೆಡಿಕಲ್ ಶಾಪಿನ ಮುಲಾಮು. ಯಾರೊಬ್ಬರ ಕೈಗೂ ಪೂರ್ತಿ ಕಥೆ ಸಿಗಲ್ಲ. ಅದನ್ನು ಜೋಡಿಸಿ ಕೊಡುವ ಕೆಲಸ ರೋಗಿಯದ್ದೇ. ಕಳೆದ ಎರಡು ವರ್ಷದಲ್ಲಿ ಇವುಗಳಲ್ಲಿ ಏನೇನಾಗಿದೆ, ಯಾವ ತಿಂಗಳು ಅಂತ ಬರೆದುಕೊಳ್ಳಿ:

- ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ಮಂಜಾಗುವುದು, ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲುವುದು.
- ಕಿವಿಯ ಕೆಳಗೆ ಮಂಗನಬಾವಿನ ಹಾಗೆ ಊತ. ಮುಖ ಒಂದು ಕಡೆಗೆ ಸೊಟ್ಟಗಾಗುವುದು.
- ಮೂಗು, ಕೆನ್ನೆಯ ಮೇಲೆ ನೇರಳೆ ಬಣ್ಣದ ದಪ್ಪ ಮಚ್ಚೆ.
- ಹಳೇ ಗಾಯದ ಗುರುತು ಇದ್ದಕ್ಕಿದ್ದಂತೆ ಕೆಂಪಾಗಿ ಉಬ್ಬುವುದು. ಚಿಕ್ಕಂದಿನಲ್ಲಿ ಬಿದ್ದ ಗಾಯ ಆಗಿರಬಹುದು, ಸಿಸೇರಿಯನ್ ಹೊಲಿಗೆ ಆಗಿರಬಹುದು, ಹಚ್ಚೆಯೂ ಆಗಬಹುದು. ಇದನ್ನು ಯಾರೂ ಕೇಳಲ್ಲ, ನೀವೇ ಹೇಳಬೇಕು.
- ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ದಮ್ಮು.
- ಎದೆ ಡವಡವ ಎನ್ನುವುದು, ಕಣ್ಣು ಕತ್ತಲೆ ಬಂದು ಬೀಳುವುದು.
- ಕಿಡ್ನಿ ಕಲ್ಲು, ವಿಪರೀತ ಬಾಯಾರಿಕೆ.
- ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಕೆಂಪು ಗಂಟುಗಳು, ಪಾದದ ಕೀಲು ಊದುವುದು.

ಇನ್ನು ಸುಸ್ತು. ಸ್ನಾನ ಮಾಡಿ ಬಂದು ಮತ್ತೆ ಮಲಗಬೇಕು ಅನ್ನಿಸುವಂಥ ಸುಸ್ತು. ರಕ್ತ ಕಡಿಮೆ ಇರಬೇಕು, ಟೆನ್ಷನ್ ಇರಬೇಕು ಅಂತ ಸುಮ್ನೆ ತಳ್ಳಿಹಾಕುತ್ತಾರೆ. ಅದನ್ನೂ ಬರೆಯಿರಿ.

ಇವುಗಳಲ್ಲಿ ಒಂದೊಂದೇ ಇದ್ದರೆ ಅದಕ್ಕೆ ನೂರು ಕಾರಣ ಇರಬಹುದು. ಕೆಲವು ಜೋಡಿಗಳು ಮಾತ್ರ ಡಾಕ್ಟರ ಕಿವಿ ನೆಟ್ಟಗೆ ಮಾಡುತ್ತವೆ. ಜ್ವರ, ಕಾಲಿನ ಕೆಂಪು ಗಂಟು, ಪಾದದ ಕೀಲಿನ ಊತ, ಎಕ್ಸ್‌ರೇಯಲ್ಲಿ ಎರಡೂ ಕಡೆ ಸಮನಾಗಿ ಗಡ್ಡೆ, ಇವೆಲ್ಲ ಸೇರಿದರೆ ಅದಕ್ಕೆ ಲೋಫ್‌ಗ್ರೆನ್ ಸಿಂಡ್ರೋಮ್ ಅನ್ನುತ್ತಾರೆ. ಸಾರ್ಕಾಯ್ಡೋಸಿಸ್‌ನ ಈ ರೂಪ ಬಹಳ ಸಲ ತಾನಾಗಿಯೇ ವಾಸಿಯಾಗುತ್ತದೆ. ಕಣ್ಣಿನ ಉರಿಯೂತ, ಕಿವಿ ಕೆಳಗಿನ ಊತ, ಸೊಟ್ಟ ಮುಖ, ಜ್ವರ ಸೇರಿದರೆ ಹೀರ್‌ಫೋರ್ಟ್ ಸಿಂಡ್ರೋಮ್. ಡೆನ್ಮಾರ್ಕಿನ ಒಬ್ಬ ಕಣ್ಣಿನ ಡಾಕ್ಟರ್ 1909ರಲ್ಲಿ ಬರೆದಿಟ್ಟದ್ದು. ಕಣ್ಣಿನವರೇ ಇದನ್ನು ಮೊದಲು ಹಿಡಿಯುವುದು ಹೊಸದೇನಲ್ಲ.

ಹೆಜ್ಜೆ 2: ನಿಮ್ಮ ಸುತ್ತಮುತ್ತಲಿನದೂ ಬರೆಯಿರಿ

ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ? ಕಲ್ಲು ಕ್ವಾರಿ, ಗಣಿ, ಕಲ್ಲು ಕೊರೆಯುವ ಕೆಲಸ ಮಾಡಿದ್ದೀರಾ? ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್‌ನಲ್ಲೂ ಎದೆಯೊಳಗೆ ಗಡ್ಡೆ ಕಾಣುತ್ತವೆ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಮನೆಗಳಲ್ಲಿ ಈ ಹೆಸರು ಹೊಸದಲ್ಲ. ಬಾಲ್ಕನಿಯಲ್ಲಿ ಪಾರಿವಾಳ ಗೂಡು ಕಟ್ಟಿವೆಯಾ? ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಈ ಪ್ರಶ್ನೆಗೆ ನಗುತ್ತಾರೆ. ಆದರೆ ಪಾರಿವಾಳದ ಹಿಕ್ಕೆ, ಗರಿಯ ದೂಳಿನಿಂದ ಬರುವ ಶ್ವಾಸಕೋಶದ ಅಲರ್ಜಿ ಕಾಯಿಲೆಯಲ್ಲೂ ಗ್ರಾನ್ಯುಲೋಮಾ ಇರುತ್ತದೆ. ಬಿಪಿ ಮಾತ್ರೆ ಸೇರಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರೂ ಇರಲಿ. ಅದು ಯಾಕೆ ಅಂತ ಮುಂದೆ ಬರುತ್ತದೆ.

ಹೆಜ್ಜೆ 3: ಮೊದಲ ಸುತ್ತಿನ ಪರೀಕ್ಷೆಗಳು

ಇವು ಜಿಲ್ಲಾ ಕೇಂದ್ರದಲ್ಲೇ ಆಗುತ್ತವೆ, ಖರ್ಚೂ ಜಾಸ್ತಿ ಇಲ್ಲ.

ಎದೆಯ ಎಕ್ಸ್‌ರೇ. ಶ್ವಾಸನಾಳ ಬಂದು ಶ್ವಾಸಕೋಶಕ್ಕೆ ಸೇರುವ ಜಾಗದಲ್ಲಿ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಸಮನಾಗಿ ಗಡ್ಡೆ ಇದ್ದರೆ ಸಾರ್ಕಾಯ್ಡೋಸಿಸ್ ಅನುಮಾನ ಬರುತ್ತದೆ. ಟಿಬಿಯಲ್ಲಿ ಸಾಮಾನ್ಯವಾಗಿ ಒಂದು ಕಡೆ ಹೆಚ್ಚು. ಲಿಂಫೋಮಾ ಅನ್ನುವ ಕ್ಯಾನ್ಸರ್‌ನಲ್ಲೂ ಅಳತೆ ಏರುಪೇರಾಗಿರುತ್ತದೆ. ಇದು ಸುಳಿವು ಅಷ್ಟೇ, ತೀರ್ಪಲ್ಲ. ಎಕ್ಸ್‌ರೇ ನೋಡಿ 0ಯಿಂದ 4ರವರೆಗೆ ಸ್ಟೇಜ್ ಕೊಡುವ ರೂಢಿ ಇದೆ. ಗಡ್ಡೆ ಮಾತ್ರ ಇದ್ದರೆ 1, ಗಡ್ಡೆ ಜೊತೆ ಶ್ವಾಸಕೋಶದಲ್ಲೂ ಇದ್ದರೆ 2, ಶ್ವಾಸಕೋಶದಲ್ಲಿ ಮಾತ್ರ ಇದ್ದರೆ 3, ಗಾಯ ಒಣಗಿ ಗಟ್ಟಿಯಾಗಿದ್ದರೆ 4. 'ಸ್ಟೇಜ್ ಎರಡು' ಅಂತ ಕೇಳಿ ನಮ್ಮ ಚಿಕ್ಕಪ್ಪ ಫೋನಿನಲ್ಲೇ ಅತ್ತುಬಿಟ್ಟರು. ಇದು ಕ್ಯಾನ್ಸರ್ ಸ್ಟೇಜಲ್ಲ. ಒಂದಾದ ಮೇಲೆ ಎರಡು ಬರಲೇಬೇಕು ಅಂತಲೂ ಇಲ್ಲ.

ಮಾಂಟೂ ಟೆಸ್ಟ್. ಮೊಣಕೈ ಕೆಳಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುತ್ತಾರಲ್ಲ, ಅದು. ನಮ್ಮಲ್ಲಿ ತುಂಬಾ ಜನರ ಮೈಯಲ್ಲಿ ಟಿಬಿ ರೋಗಾಣು ಮಲಗಿರುತ್ತದೆ. ಹಾಗಾಗಿ ಪಾಸಿಟಿವ್ ಬಂದ ಮಾತ್ರಕ್ಕೆ ಟಿಬಿ ಕಾಯಿಲೆ ಇದೆ ಅಂತಲ್ಲ. ತಮಾಷೆ ಅಂದರೆ ಸಾರ್ಕಾಯ್ಡೋಸಿಸ್ ಇದ್ದವರಲ್ಲಿ ಇದು ಬಹಳ ಸಲ ನೆಗೆಟಿವ್ ಬರುತ್ತದೆ. ಎದೆ ತುಂಬಾ ಗಡ್ಡೆ ಇದ್ದೂ ಕೈ ಮೇಲೆ ಒಂದು ಚುಕ್ಕೆಯೂ ಏಳದಿದ್ದರೆ ಅದೇ ಒಂದು ಸುಳಿವು. ಹಾಗಂತ ಅದೊಂದನ್ನೇ ನಂಬುವ ಹಾಗೂ ಇಲ್ಲ. ಮೈ ತೀರಾ ಸೋತಿದ್ದರೆ ಟಿಬಿ ಇದ್ದೂ ನೆಗೆಟಿವ್ ಬರಬಹುದು.

ರಕ್ತದಲ್ಲಿ ಸಿಬಿಸಿ, ಕ್ರಿಯಾಟಿನಿನ್, ಲಿವರ್ ಪರೀಕ್ಷೆ, ಕ್ಯಾಲ್ಸಿಯಂ. ಎಸಿಇ ಅನ್ನುವ ಪರೀಕ್ಷೆಯನ್ನೂ (ಈ ಗಂಟುಗಳು ರಕ್ತಕ್ಕೆ ಬಿಡುವ ಒಂದು ಕಿಣ್ವದ ಅಳತೆ) ಬರೆದುಕೊಡುತ್ತಾರೆ. ಅದಕ್ಕೆ ಜನ ಕೊಡುವಷ್ಟು ಬೆಲೆ ಇಲ್ಲ. ಕಾಯಿಲೆ ಇದ್ದೂ ಎಷ್ಟೋ ಜನರಲ್ಲಿ ಸರಿಯಾಗಿಯೇ ಬರುತ್ತದೆ. ಕುಷ್ಠ, ಥೈರಾಯ್ಡ್, ಸಕ್ಕರೆ ಕಾಯಿಲೆಯಲ್ಲೂ ಏರಬಹುದು. ಎನಾಲಪ್ರಿಲ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆ ನುಂಗುತ್ತಿದ್ದರೆ ಅಂಕಿ ಸುಳ್ಳೇ ಇಳಿದಿರುತ್ತದೆ. ಮಾತ್ರೆಗಳ ಹೆಸರು ಬರೆಯಿರಿ ಅಂದದ್ದು ಇದಕ್ಕೇ.

ಕಣ್ಣಿನ ಪರೀಕ್ಷೆ, ಇಸಿಜಿ. ಕಣ್ಣು ಚೆನ್ನಾಗಿದೆ, ಎದೆ ಚೆನ್ನಾಗಿದೆ ಅನ್ನಿಸಿದರೂ ಮಾಡಿಸಿ. ಕಣ್ಣೊಳಗಿನ ಉರಿಯೂತ ನೋವಿಲ್ಲದೆ ವರ್ಷಗಟ್ಟಲೆ ಇದ್ದು ದೃಷ್ಟಿ ತಿನ್ನಬಹುದು. ಕನ್ನಡಕದ ನಂಬರ್ ನೋಡುವ ಪರೀಕ್ಷೆ ಇದಕ್ಕೆ ಸಾಲದು. ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಬೇಕು, ಡ್ರಾಪ್ಸ್ ಹಾಕಿ ಹಿಂಭಾಗವನ್ನೂ ನೋಡಬೇಕು.

ಮಧ್ಯೆ ಒಂದು ಮಾತು: ವಿಟಮಿನ್ ಡಿ

ಸುಸ್ತು ಅಂದ ಕೂಡಲೇ ವಿಟಮಿನ್ ಡಿ ನೋಡಿಸುತ್ತಾರೆ, ಕಡಿಮೆ ಇದೆ ಅನ್ನುತ್ತಾರೆ, ವಾರಕ್ಕೊಂದು 60,000 ಯೂನಿಟ್ ಪುಡಿ ಹಾಲಿಗೆ ಹಾಕಿ ಕುಡಿಯಲು ಹೇಳುತ್ತಾರೆ. ನಾನೂ ಎಂಟು ಪ್ಯಾಕೆಟ್ ಕುಡಿದೆ. ಸಾರ್ಕಾಯ್ಡೋಸಿಸ್‌ನಲ್ಲಿ ಆ ಗಂಟುಗಳೇ ವಿಟಮಿನ್ ಡಿಯನ್ನು ಅದರ ಚುರುಕು ರೂಪಕ್ಕೆ ಬದಲಾಯಿಸುತ್ತವೆ. ಮಾಮೂಲಿ ಪರೀಕ್ಷೆ ಈ ರೂಪವನ್ನು ಅಳೆಯಲ್ಲ, ಹಾಗಾಗಿ ರಿಪೋರ್ಟಿನಲ್ಲಿ 'ಕಡಿಮೆ' ಅಂತಲೇ ಬರಬಹುದು. ಮೇಲಿಂದ ಪುಡಿ ಸುರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ವಾಂತಿ, ಮಲಬದ್ಧತೆ, ಕಿಡ್ನಿ ಕಲ್ಲು, ಕೊನೆಗೆ ಕಿಡ್ನಿಗೇ ಪೆಟ್ಟು. ಈ ಕಾಯಿಲೆಯ ಅನುಮಾನ ಇದ್ದರೆ ಕ್ಯಾಲ್ಸಿಯಂ ನೋಡದೆ ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳಬೇಡಿ.

ಹೆಜ್ಜೆ 4: ಸ್ಯಾಂಪಲ್ ತೆಗೆಸಿ, ಸರಿಯಾದ ಬಾಟಲಿಗೆ ಹಾಕಿಸಿ

ಆರು ಹೆಜ್ಜೆಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಸುಲಭವಾಗಿ ಕೈಗೆ ಸಿಗುವ ಜಾಗ ಇದೆಯಾ ಅಂತ ಮೊದಲು ನೋಡುತ್ತಾರೆ: ಕುತ್ತಿಗೆಯ ಗಡ್ಡೆ, ಚರ್ಮದ ನೇರಳೆ ಮಚ್ಚೆ, ಉಬ್ಬಿದ ಹಳೇ ಗಾಯ. ಕಾಲಿನ ಕೆಂಪು ನೋವಿನ ಗಂಟಿನಿಂದ ತೆಗೆದರೆ ಉಪಯೋಗವಿಲ್ಲ. ಅದರೊಳಗೆ ಗ್ರಾನ್ಯುಲೋಮಾ ಇರಲ್ಲ, ಬರೀ ಕೊಬ್ಬಿನ ಉರಿಯೂತ ಇರುತ್ತದೆ. ಪೂರ್ತಿ ಲೋಫ್‌ಗ್ರೆನ್ ಚಿತ್ರವೇ ಇದ್ದರೆ ಮಾತ್ರ ಡಾಕ್ಟರು ಸ್ಯಾಂಪಲ್ ಬೇಡ, ಕಾದು ನೋಡೋಣ ಅನ್ನಬಹುದು.

ಗಡ್ಡೆ ಎದೆಯೊಳಗೆ ಮಾತ್ರ ಇದ್ದರೆ ಇಬಸ್ ಅನ್ನುವ ವಿಧಾನ. ಪಲ್ಮನಾಲಜಿ (ಶ್ವಾಸಕೋಶದ) ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೆದರಿ ನಾನು ಎರಡು ವಾರ ಮುಂದೂಡಿದ್ದೆ. ನಡೆದದ್ದು ಇಷ್ಟು: ಬೆಳಿಗ್ಗೆ ಉಪವಾಸ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಕೈಗೆ ಮಂಪರಿನ ಇಂಜೆಕ್ಷನ್. ತುದಿಯಲ್ಲಿ ಸಣ್ಣ ಅಲ್ಟ್ರಾಸೌಂಡ್ ಇರುವ ಕೊಳವೆಯನ್ನು ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸಿ, ಗಡ್ಡೆ ಎಲ್ಲಿದೆ ಅಂತ ನೋಡಿಕೊಂಡು ಒಳಗಿಂದಲೇ ಸೂಜಿ ಚುಚ್ಚುತ್ತಾರೆ. ಹೊರಗೆ ಗಾಯ ಇಲ್ಲ, ಹೊಲಿಗೆ ಇಲ್ಲ. ನನಗೆ ನೆನಪಿರುವುದು ಮಧ್ಯೆ ಬಂದ ಒಂದು ಕೆಮ್ಮು, ಆಮೇಲೆ ವಾರ್ಡಿನ ಫ್ಯಾನು. ಸಂಜೆ ಇಡ್ಲಿ ತಿಂದೆ. ಎರಡು ದಿನ ಗಂಟಲು ಕೆರೆತ. ಜೊತೆಗೆ ಶ್ವಾಸಕೋಶದಿಂದಲೂ ಒಂದೆರಡು ಚೂರು ತೆಗೆದರೆ ಸಿಗುವ ಸಾಧ್ಯತೆ ಹೆಚ್ಚು.

ಸ್ಯಾಂಪಲ್ ತೆಗೆಯುವ ಮುನ್ನ ಮೂರು ವಿಷಯ ಕೇಳಿ.

"ಟಿಬಿ ಕಲ್ಚರ್‌ಗೂ ಕಳಿಸುತ್ತೀರಾ?" ಸೂಕ್ಷ್ಮದರ್ಶಕದಲ್ಲಿ ನೋಡಲು ಸ್ಯಾಂಪಲನ್ನು ಫಾರ್ಮಲಿನ್‌ಗೆ ಹಾಕುತ್ತಾರೆ. ಫಾರ್ಮಲಿನ್‌ಗೆ ಬಿದ್ದದ್ದರಲ್ಲಿ ರೋಗಾಣು ಬೆಳೆಯಲ್ಲ. ಹಾಗಾಗಿ ಒಂದು ಪಾಲು ಸಲೈನ್‌ನಲ್ಲಿ ಬೇರೆಯಾಗಿ ಹೋಗಬೇಕು, ಸಿಬಿನಾಟ್ (ಟಿಬಿ ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆ) ಮತ್ತು ರೋಗಾಣು ಬೆಳೆಸಿ ನೋಡುವ ಕಲ್ಚರ್‌ಗೆ. ಎಲ್ಲವೂ ಒಂದೇ ಬಾಟಲಿಗೆ ಹೋದರೆ ಇನ್ನೊಮ್ಮೆ ಚುಚ್ಚಿಸಿಕೊಳ್ಳಬೇಕಾದೀತು.

"ಸ್ಟೀರಾಯ್ಡ್ ಈಗಲೇ ಬೇಕಾ?" ಸ್ಟೀರಾಯ್ಡ್ ಅಂದರೆ ಈ ಕಾಯಿಲೆಯ ಉರಿಯೂತ ಇಳಿಸಲು ಕೊಡುವ ಔಷಧ. ಸ್ಯಾಂಪಲ್‌ಗೆ ಮೊದಲೇ ಸ್ಟೀರಾಯ್ಡ್ ಶುರುವಾದರೆ ಗ್ರಾನ್ಯುಲೋಮಾ ಮಾಸಿಹೋಗಬಹುದು. ಲಿಂಫೋಮಾ ಇದ್ದರೆ ಅದೂ ಕೆಲವು ದಿನ ಮರೆಯಾಗಿ ದಾರಿ ತಪ್ಪಿಸುತ್ತದೆ. ಟಿಬಿ ಇದ್ದರೆ ಕೆರಳುತ್ತದೆ. ಕಣ್ಣು, ಹೃದಯ, ಮೆದುಳಿಗೆ ಅಪಾಯ ಇದ್ದಾಗ ಕಾಯಲು ಆಗಲ್ಲ, ಆ ನಿರ್ಧಾರ ಡಾಕ್ಟರದ್ದು.

"ಸ್ಲೈಡ್, ಬ್ಲಾಕ್ ನನಗೆ ಸಿಗುತ್ತಾ?" ಬ್ಲಾಕ್ ಅಂದರೆ ಸ್ಯಾಂಪಲನ್ನು ಮೇಣದಲ್ಲಿ ಕೂರಿಸಿದ ಸಣ್ಣ ಚೌಕ. ಲ್ಯಾಬಿಗೆ ಅರ್ಜಿ ಕೊಟ್ಟು ಕೇಳಿ ಪಡೆಯಬಹುದು. ಬೇರೆ ಪ್ಯಾಥಾಲಜಿಸ್ಟರ ಹತ್ತಿರ ತೋರಿಸಲು ರಿಪೋರ್ಟಿನ ಜೆರಾಕ್ಸ್ ಸಾಕಾಗಲ್ಲ, ಇವು ಬೇಕು.

ಹೆಜ್ಜೆ 5: ರಿಪೋರ್ಟ್ ಓದುವುದು

'ನಾನ್-ನೆಕ್ರೋಟೈಸಿಂಗ್' ಅಥವಾ 'ನಾನ್-ಕೇಸಿಯೇಟಿಂಗ್ ಗ್ರಾನ್ಯುಲೋಮಾ' ಅಂತ ಹುಡುಕಿ. ಟಿಬಿಯ ಗಂಟಿನ ನಡುಭಾಗ ಸತ್ತು, ಒಡೆದ ಗಿಣ್ಣಿನ ಹಾಗೆ ಪುಡಿಪುಡಿಯಾಗಿರುತ್ತದೆ. ಸಾರ್ಕಾಯ್ಡ್ ಗಂಟು ನಡುವಿನವರೆಗೂ ಗಟ್ಟಿ, ಅಚ್ಚುಕಟ್ಟು. ಕೇಳಲು ಸುಲಭ, ಆದರೆ ಸೂಜಿಗೆ ಸಿಕ್ಕ ಚೂರು ಅಕ್ಕಿಕಾಳಿಗಿಂತ ಚಿಕ್ಕದು. ಟಿಬಿಯಲ್ಲೂ ಆ ಪುಡಿ ಸಿಗದೆ ಹೋಗಬಹುದು.

ಹಾಗಾಗಿ ಡಾಕ್ಟರು ಮೂರು ತಾಳೆ ನೋಡುತ್ತಾರೆ. ನಿಮ್ಮ ಲಕ್ಷಣ ಮತ್ತು ಸ್ಕ್ಯಾನ್ ಇದಕ್ಕೆ ಹೊಂದುತ್ತವೆಯಾ? ಅಂಗಾಂಶದಲ್ಲಿ ಅಂಥ ಗಂಟು ಇದೆಯಾ? ಟಿಬಿ, ಫಂಗಸ್, ಕ್ಯಾನ್ಸರ್, ದೂಳಿನ ಕಾಯಿಲೆ ಇಲ್ಲ ಅಂತ ಆಯಿತಾ? 'ಇದು ಪಕ್ಕಾ ಸಾರ್ಕಾಯ್ಡೋಸಿಸ್' ಅಂತ ಒಂದೇ ಏಟಿಗೆ ಹೇಳುವ ಟೆಸ್ಟ್ ಯಾವುದೂ ಇಲ್ಲ. ಸಿಬಿನಾಟ್ ಫಲಿತಾಂಶ ಬೇಗ ಬರುತ್ತದೆ. ಕಲ್ಚರ್‌ಗೆ ಆರು ವಾರದವರೆಗೆ ಹಿಡಿಯಬಹುದು. ಆ ಆರು ವಾರ ಬಲು ಕಷ್ಟದ್ದು, ಆದರೂ ಕೊನೆಯ ರಿಪೋರ್ಟ್ ಕೈಗೆ ಬರುವವರೆಗೆ ಲ್ಯಾಬಿಗೆ ಫೋನ್ ಮಾಡುತ್ತಿರಿ.

ಪಿಇಟಿ ಸ್ಕ್ಯಾನ್ (ವಿಕಿರಣ ಸೇರಿಸಿದ ಸಕ್ಕರೆಯಂಥ ವಸ್ತು ಚುಚ್ಚಿ, ಅದನ್ನು ಹೆಚ್ಚು ಹೀರುವ ಜಾಗ ನೋಡುವ ಸ್ಕ್ಯಾನ್) ಮಾಡಿಸಿದವರಿಗೆ ಒಂದು ಎಚ್ಚರಿಕೆ. ಉರಿಯೂತ, ಟಿಬಿ, ಕ್ಯಾನ್ಸರ್ ಮೂರೂ ಅದರಲ್ಲಿ ಹೊಳೆಯುತ್ತವೆ. ಹೊಳೆಯುವುದನ್ನು ನೋಡಿ ಯಾರಾದರೂ 'ಕ್ಯಾನ್ಸರ್ ಹರಡಿದೆ' ಅಂದರೆ, ಸ್ಯಾಂಪಲ್ ಬರುವವರೆಗೆ ಅದು ಬರೀ ಊಹೆ.

ಟಿಬಿ ಮಾತ್ರೆ ಈಗಾಗಲೇ ನುಂಗುತ್ತಿದ್ದರೆ?

ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ನಿಜಕ್ಕೂ ಟಿಬಿ ಇದ್ದು ಅರ್ಧಕ್ಕೆ ಬಿಟ್ಟರೆ ಮಾತ್ರೆಗೆ ಬಗ್ಗದ ಟಿಬಿ ಆಗುವ ಅಪಾಯ ಇದೆ. ಬದಲಿಗೆ ಎರಡು ತಿಂಗಳ ಕೊನೆಗೆ ಹೋಗಿ ಕೇಳಿ: ತೂಕ ಏರಿದೆಯಾ, ಜ್ವರ ನಿಂತಿದೆಯಾ, ಎಕ್ಸ್‌ರೇ ಬದಲಾಗಿದೆಯಾ, ಶುರುವಿನಲ್ಲಿ ರೋಗಾಣು ಎಲ್ಲಾದರೂ ಸಿಕ್ಕಿತ್ತಾ? ನಾಲ್ಕಕ್ಕೂ 'ಇಲ್ಲ' ಅಂದರೆ ಸ್ಯಾಂಪಲ್ ಬಗ್ಗೆ ಮಾತಾಡಿ. ಟಿಬಿಯಲ್ಲೂ ಗಡ್ಡೆ ನಿಧಾನಕ್ಕೆ ಕರಗುವುದುಂಟು, ಮಾತ್ರೆಗೆ ಬಗ್ಗದ ಟಿಬಿಯೂ ಇರಬಹುದು. ಅದಕ್ಕೂ ಉತ್ತರ ಸ್ಯಾಂಪಲ್‌ನಲ್ಲೇ ಇದೆ.

ಉಲ್ಟಾ ಗೊಂದಲವೂ ಆಗುತ್ತದೆ. ಸಾರ್ಕಾಯ್ಡೋಸಿಸ್ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಆಗ ಮಾತ್ರೆಯಿಂದಲೇ ವಾಸಿ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರಡು ವರ್ಷ ಬಿಟ್ಟು ಮತ್ತೆ ಬಂದಾಗ 'ಟಿಬಿ ಮರುಕಳಿಸಿತು' ಅನ್ನುತ್ತಾರೆ. ಇನ್ನೊಂದು, ಎಥಾಂಬುಟಾಲ್ ಮಾತ್ರೆ ಕಣ್ಣಿನ ನರಕ್ಕೆ ತೊಂದರೆ ಕೊಡಬಲ್ಲದು. ಕಣ್ಣು ಮಂಜಾದರೆ ಅದು ಮಾತ್ರೆಯದ್ದೋ ಕಾಯಿಲೆಯದ್ದೋ ಅಂತ ಕಣ್ಣಿನ ಡಾಕ್ಟರೇ ಹೇಳಬೇಕು.

ಹೆಜ್ಜೆ 6: ಹೃದಯ ನೋಡಿಸದೆ ಫೈಲ್ ಮುಚ್ಚಬೇಡಿ

ಹೃದಯದ ಸಾರ್ಕಾಯ್ಡ್ ಕಡಿಮೆ ಜನರಿಗೆ ತೊಂದರೆ ಕೊಡುತ್ತದೆ, ಕೊಟ್ಟರೆ ಜೀವಕ್ಕೇ ಕುತ್ತು. ಇಸಿಜಿಯಲ್ಲಿ ಬ್ಲಾಕ್ (ರಕ್ತನಾಳದ್ದಲ್ಲ, ಬಡಿತದ ವಿದ್ಯುತ್ ಸಂಕೇತಕ್ಕೆ ಆಗುವ ತಡೆ), ಬಡಿತದ ಏರುಪೇರು, ತಲೆಸುತ್ತಿ ಬಿದ್ದ ಇತಿಹಾಸ ಇದ್ದರೆ ಎಕೋ ಸಾಲದು, ಹೃದಯದ ಎಂಆರ್‌ಐ ಅಥವಾ ಪಿಇಟಿ ಬೇಕು. ವಯಸ್ಸು 60 ದಾಟದವರಿಗೆ ಹಾರ್ಟ್ ಬ್ಲಾಕ್ ಬಂದು, ಕಾರಣ ಹುಡುಕದೆ ಪೇಸ್‌ಮೇಕರ್ ಹಾಕುವುದಾದರೆ 'ಇದು ಸಾರ್ಕಾಯ್ಡ್ ಇರಬಹುದಾ?' ಅಂತ ಕೇಳುವುದು ತಪ್ಪಲ್ಲ.

ಹೃದಯದ ಪಿಇಟಿಗೆ ಹಿಂದಿನ ದಿನದ ಊಟವೇ ಅರ್ಧ ಪರೀಕ್ಷೆ. ಹೃದಯ ಸಕ್ಕರೆ ಬಿಟ್ಟು ಕೊಬ್ಬು ಉರಿಸುವ ಹಾಗೆ ಮಾಡಬೇಕು, ಆಗ ಉರಿಯೂತ ಇರುವ ಜಾಗ ಮಾತ್ರ ಹೊಳೆಯುತ್ತದೆ. ಅಂದರೆ ಅನ್ನ, ಮುದ್ದೆ, ಚಪಾತಿ, ಬೇಳೆ, ಹಣ್ಣು, ಸಕ್ಕರೆ ಹಾಕಿದ ಕಾಫಿ ಯಾವುದೂ ಇಲ್ಲ. ಮೊಟ್ಟೆ, ಮಾಂಸ, ತುಪ್ಪ, ಪನೀರ್ ಇವಿಷ್ಟೇ. ಆಮೇಲೆ ಪೂರ್ತಿ ಉಪವಾಸ. ಆಸ್ಪತ್ರೆಯವರು ಕೊಡುವ ಪಟ್ಟಿ ಬಿಟ್ಟು ಒಂದು ತುತ್ತೂ ಬೇಡ. ನನ್ನ ಪಕ್ಕದಲ್ಲಿ ಕೂತಿದ್ದವರು ಬೆಳಿಗ್ಗೆ ಎರಡು ಬಿಸ್ಕತ್ತು ತಿಂದು ಬಂದಿದ್ದರು. ಅವರನ್ನು ವಾಪಸ್ ಕಳಿಸಿದರು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ.

ಕಾಯಬಾರದ ಹೊತ್ತು

ಪ್ರಜ್ಞೆ ತಪ್ಪಿ ಬಿದ್ದರೆ, ಬಡಿತ ತಾಳ ತಪ್ಪಿದರೆ, ಕಣ್ಣು ಹಠಾತ್ತನೆ ಮಂಜಾದರೆ, ಮುಖ ಸೊಟ್ಟಗಾದರೆ, ಫಿಟ್ಸ್ ಬಂದರೆ, ಕೂತಲ್ಲೇ ಉಸಿರು ಕಟ್ಟಿದರೆ, ವಾಂತಿಯ ಜೊತೆ ಮಂಪರು ಕವಿದರೆ ಅದೇ ದಿನ ಎಮರ್ಜೆನ್ಸಿಗೆ ಹೋಗಿ. ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ ಅಂತ ಕೂರಬೇಡಿ.

ಹೆಸರು ಸಿಕ್ಕಿದ ಮೇಲೆ

ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ಬರೀ ಗಡ್ಡೆ ಇದ್ದು ತೊಂದರೆ ಇಲ್ಲದಿದ್ದರೆ ಮೂರು ಆರು ತಿಂಗಳಿಗೊಮ್ಮೆ ನೋಡುತ್ತಾ ಇರುತ್ತಾರೆ. ಸುಮಾರು ಅರ್ಧದಷ್ಟು ಜನರಲ್ಲಿ ಮೂರು ವರ್ಷದೊಳಗೆ ತಾನೇ ಇಳಿಯುತ್ತದೆ. ಕಣ್ಣು, ಹೃದಯ, ನರ, ಕ್ಯಾಲ್ಸಿಯಂ, ಉಸಿರಾಟಕ್ಕೆ ತೊಂದರೆ ಇದ್ದರೆ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್, ಜೊತೆಗೆ ಅಥವಾ ಆಮೇಲೆ ರೋಗನಿರೋಧಕ ಕಣಗಳ ಆರ್ಭಟ ತಗ್ಗಿಸುವ ಮೆಥೊಟ್ರೆಕ್ಸೇಟ್. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಗರ್ಭಿಣಿಯರಿಗಂತೂ ಕೊಡುವುದೇ ಇಲ್ಲ. ನಾನು ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಸುತ್ತು ಹಾಕಿಟ್ಟಿದ್ದೇನೆ. ಸ್ಟೀರಾಯ್ಡ್ ಕೂಡ ತಟಕ್ಕನೆ ನಿಲ್ಲಿಸುವ ಮಾತ್ರೆಯಲ್ಲ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಫೈಲ್ ಒಂದೇ ಇರಲಿ. ಮೊದಲ ಪುಟದಲ್ಲಿ ಸ್ಯಾಂಪಲ್ ರಿಪೋರ್ಟ್, ಅದರ ಹಿಂದೆ ಕಲ್ಚರ್ ರಿಪೋರ್ಟ್, ಆಮೇಲೆ ತಾರೀಖಿನ ಪ್ರಕಾರ ಉಳಿದದ್ದು. ಹೊಸ ಡಾಕ್ಟರ್ ಕೈಗೆ ಎಕ್ಸ್‌ರೇ ಮಾತ್ರ ಕೊಟ್ಟರೆ ಅವರೂ ಮತ್ತೆ ಟಿಬಿಯಿಂದಲೇ ಶುರು ಮಾಡುತ್ತಾರೆ. ಕಳೆದ ತಿಂಗಳು ಹಲ್ಲು ಕೀಳಿಸಲು ಹೋದಾಗಲೂ ಫೈಲ್ ತೆಗೆದುಕೊಂಡು ಹೋಗಿದ್ದೆ. ಡೆಂಟಿಸ್ಟ್ ಮೊದಲ ಪುಟ ಓದಿ, ಸ್ಟೀರಾಯ್ಡ್ ಎಷ್ಟು ಮಿಲಿಗ್ರಾಂ ಅಂತ ಕೇಳಿ, ಆಮೇಲೆ ಇಂಜೆಕ್ಷನ್ ಕೈಗೆತ್ತಿಕೊಂಡರು.